ಮರುಕೂಗು

ಲ್ಯಾಮಿಂಗ್ಟನ್ ರಸ್ತೆಯ ಮೂರನೇ ಮಹಡಿಯಿಂದ
ಗೋಣಿಚೀಲದಲ್ಲಿ ಸುತ್ತಿ ತಂದ ಯಂತ್ರ:
ಎಂಟು ಫೇಡರು, ಎಂಟು ತಿರುಗುಗುಂಡಿ,
ಯಾರದೋ ಹೆಬ್ಬೆರಳು ಸವೆಸಿದ ಒಂದು ಪ್ಲೇ.
ಬೆನ್ನಿಗೆ ಐದೈದು ತೂತಿನ ಎರಡು ಬಾಯಿ.
ಬಾಯಿ ಅಂದೆ. ತಪ್ಪು.
ಒಂದು ಬಾಯಿ, ಇನ್ನೊಂದು ಕಿವಿ.
ನೋಡಲು ಎರಡೂ ಒಂದೇ ಥರ,
ಅಲ್ಲೇ ಎಡವಟ್ಟು.

ಮಾಟುಂಗದ ಹೋಟೆಲಿನ ನೆತ್ತಿಯ ಮೇಲೆ ನನ್ನ ಸ್ಟುಡಿಯೊ.
ಗೋಡೆಗೆ ಮೊಟ್ಟೆಯ ತಟ್ಟೆ ಅಂಟಿಸಲು ಮಾಲೀಕರು ಒಪ್ಪಲಿಲ್ಲ,
ಶುದ್ಧ ಸಸ್ಯಾಹಾರಿ ಕಟ್ಟಡ.
ಹಳೇ ಹಾಸಿಗೆಯ ಹತ್ತಿಯಲ್ಲೇ ಸುಧಾರಿಸಿದೆ.

ರಾತ್ರಿ ಹನ್ನೊಂದಕ್ಕೆ ಮೃಣ್ಮಯಿ ಖಾನೋಲ್ಕರ್ ಬಂದಳು,
ದವಡೆಯಲ್ಲಿ ಜ್ಯೇಷ್ಠಮಧುವಿನ ಕಡ್ಡಿ.
ಬೆಳಗಾಗುವುದರೊಳಗೆ ಅವಳ ಹಾಡಿನ
ದನಿಗಳನ್ನೆಲ್ಲ ತೂಗಿ ಕೊಡಬೇಕು.

ಫೇಡರು ತಳ್ಳಿದೆ. ಪರದೆಯಲ್ಲಿ ಅದರ ನೆರಳು ಎದ್ದಿತು.
ಪರದೆಯಲ್ಲಿ ಇಳಿಸಿದೆ. ಮೇಜಿನ ಮೇಲಿನದು
ಇದ್ದಲ್ಲೇ ಇತ್ತು, ಗೂಟದ ಹಾಗೆ.
ಹೇಳಬಲ್ಲದು, ಕೇಳಲಾರದು.
ಇಂಥವರನ್ನು ಬಹಳ ಕಂಡಿದ್ದೇನೆ,
ನಮ್ಮ ಸೊಸೈಟಿಯ ಸೆಕ್ರೆಟರಿ ಮೊದಲುಗೊಂಡು.

ಕೆಳಗೆ ಇದೇ ಹೋಟೆಲಿನಲ್ಲಿ ಪದ್ದಣ್ಣ ಮಾಮ
ಮೂವತ್ತೊಂದು ವರ್ಷ ಸಪ್ಲೈಯರು.
ಕತ್ತು ತಿರುಗಿಸದೆ ನಿಂತಲ್ಲಿಂದಲೇ ಕೂಗುವರು:
"ಎರಡು ಇಡ್ಲಿ, ಒಂದು ಡಿಪ್!"
ಒಳಗಿನ ಹೊಗೆಯಿಂದ ಐತಪ್ಪನ ಮರುಕೂಗು:
"ಎರಡು, ಒಂದು ಡಿಪ್!"
ಅದು ಬರುವವರೆಗೆ ಮಾಮ ಹೆಜ್ಜೆ ಎತ್ತಿದವರಲ್ಲ.
ಬಂದರೆ ಆರ್ಡರು,
ಬರದಿದ್ದರೆ ಬರೀ ಗಾಳಿ.

ಇನ್ನೊಂದು ತಂತಿ ಎಳೆದೆ.
ಇದರ ಔಟು ಅದರ ಇನ್ನಿಗೆ, ಅದರ ಔಟು ಇದರ ಇನ್ನಿಗೆ,
ಹಳೇ ಚಪ್ಪಲಿಯ ಪಟ್ಟಿಯ ಹಾಗೆ ಅಡ್ಡಡ್ಡ.
ಹದಿನಾರು ಓಣಿಗಳಲ್ಲಿ ಮೊದಲನೆಯದು ಆರಿಸಿ
ಎರಡು ಕಡೆಯೂ ಟಿಕ್ಕು ಹಾಕಿದೆ.
ಸೊನ್ನೆಯಿಂದ ನೂರ ಇಪ್ಪತ್ತೇಳು, ಅಷ್ಟೇ ಇವುಗಳ ಲೋಕ,
ಅದಕ್ಕಿಂತ ಜೋರು ಇವಕ್ಕೆ ಗೊತ್ತಿಲ್ಲ.

ಪ್ಲೇ ಒತ್ತಿದೆ.
ಎಂಟೂ ಫೇಡರು ಒಮ್ಮೆಲೇ ಮೈಮೇಲೆ ಬಂದವರಂತೆ ನಡುಗಿ
ದೀಪಗಳು ಪಟಪಟ, ಪ್ಲೇ ನಿಲ್ಲು ಪ್ಲೇ ನಿಲ್ಲು ಪ್ಲೇ,
ಒಂದು ಷಡ್ಜ ನೂರು ಷಡ್ಜವಾಗಿ ಒಂದರ ಮೇಲೊಂದು ಬಿತ್ತು.
ಮೃಣ್ಮಯಿ ಹೆಡ್‌ಫೋನು ಕಿತ್ತು "ಅಗೋ ಬಾಯೀ" ಅಂದಳು.
ನಾನು ಪ್ಲಗ್ಗನ್ನೇ ಕಿತ್ತೆ.

ಸಂಜೀವ ಅಂತ ಒಬ್ಬ ಹುಡುಗ, ಕಾರ್ಕಳದವನು,
ಕೆಲಸಕ್ಕೆ ಸೇರಿ ಮೂರನೇ ದಿನ
ಐತಪ್ಪನ ಮರುಕೂಗನ್ನೇ ಹೊಸ ಆರ್ಡರು ಅಂದುಕೊಂಡು
ಮತ್ತೆ ಕೂಗಿದ. ಒಳಗಿಂದ ಮತ್ತೆ. ಇವನೂ ಮತ್ತೆ.
ಒಬ್ಬ ಗುಜರಾತಿ ಮುದುಕನ ಮುಂದೆ
ಇಪ್ಪತ್ತೆರಡು ಮಸಾಲೆ ದೋಸೆ ಸಾಲುಗಟ್ಟಿದವು.
ಮಾಮ ಬೈಯಲಿಲ್ಲ, ಕಿವಿ ಹಿಡಿದು ಮೆಲ್ಲಗೆ ಅಂದರು:
"ಅವ ಹೇಳುವುದು ನಿನಗೆ ಗೊತ್ತಾಗಲಿಕ್ಕೆ ಮಾರಾಯ,
ನೀ ವಾಪಸು ಹೇಳಲಿಕ್ಕಲ್ಲ."

ಪಟ್ಟಿಯ ಮೂಲೆಯಲ್ಲಿ ಒಂದು ಸಣ್ಣ ಚೌಕ,
ಬಂದದ್ದನ್ನು ಹಾಗೇ ದಾಟಿಸು ಅನ್ನುವಂಥದ್ದು.
ಟಿಕ್ಕು ಅಳಿಸಿದೆ.

ಕೊನೆಯ ಲೋಕಲ್ ಹೋಗಿ ಎಷ್ಟೋ ಹೊತ್ತಾಗಿತ್ತು.
ಅವಳ ದನಿ ಏರುವಲ್ಲಿ ಮೂರನೇ ಫೇಡರು
ತಾನಾಗಿ ಎರಡು ಗೆರೆ ಇಳಿಯಿತು,
ಹಾರ್ಮೋನಿಯಂ ಬರುವಲ್ಲಿ ಐದನೆಯದು
ತಡವಾಗಿ ಬಂದ ನೆಂಟನಂತೆ ಎದ್ದು ನಿಂತಿತು.
ಮೃಣ್ಮಯಿ ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು.
"ನನ್ನನ್ನೇ ತಳ್ಳುತ್ತದೆ" ಅಂದಳು.
ನಕ್ಕಳೋ ಇಲ್ಲವೋ, ಆ ಬೆಳಕಲ್ಲಿ ಕಾಣಲಿಲ್ಲ.

ಐದೂವರೆಗೆ ಕೆಳಗಿಳಿದು
"ಒಂದು ಕಾಪಿ, ಸಕ್ಕರೆ ಕಮ್ಮಿ" ಅಂದೆ.
ಹುಡುಗ ಕೈಯಲ್ಲಿದ್ದ ಗಾಜಿನ ಹಲಗೆಯನ್ನು
ಎರಡು ಸಲ ಕುಟ್ಟಿ ಹೋದ.
ಯಾರೂ ಕೂಗಲಿಲ್ಲ.
ಅಡುಗೆಮನೆಯ ಕಡೆ ಕಿವಿ ಕೊಟ್ಟು ಕೂತೇ ಇದ್ದೆ.
ಒಳಗೆ ಪ್ರಿಂಟರೊಂದು ಕಿರ್ರೆಂದು
ಮೂರು ಬೆರಳಗಲದ ಚೀಟಿ ಉಗಿಯಿತು.

ಇರಬಹುದು. ಅದೇ ಇರಬಹುದು.
ಕಾಪಿ ಬಂತು.
ಸಕ್ಕರೆ ಜಾಸ್ತಿಯೇ ಇತ್ತು.